ತಾಳೆ ಸಸಿಯನ್ನು ಎತ್ತರ ನೋಡಿ ಆರಿಸಬೇಡಿ

ಭದ್ರಾ ಅಚ್ಚುಕಟ್ಟಿನ ನಮ್ಮ ಮೂರು ಎಕರೆಗೆ ಮೊದಲ ಸಲ ಎಣ್ಣೆ ತಾಳೆ ಸಸಿಗಳನ್ನು ತಂದಾಗ ನಾನು ಆರಿಸಿದ್ದು ಎತ್ತರವನ್ನು ನೋಡಿ. ತ್ರಿಕೋನ ಪದ್ಧತಿಯಲ್ಲಿ 9 ಮೀಟರ್ ಅಂತರ ಕೊಟ್ಟು, ಎಕರೆಗೆ 57ರಂತೆ 171 ಸಸಿಗಳನ್ನು ನೆಟ್ಟೆವು. ಅವುಗಳಲ್ಲಿ ಒಂಬತ್ತರ ಗರಿಗಳು ಪೊರಕೆ ಕಟ್ಟಿದಂತೆ ನೆಟ್ಟಗೆ ಮೇಲಕ್ಕೇ ನಿಂತಿದ್ದವು. ಅದು ಗಿಡದ ಕಸುವೆಂದೇ ತಿಳಿದಿದ್ದೆ. ನಾಲ್ಕನೆಯ ವರ್ಷ ಉಳಿದ ಮರಗಳೆಲ್ಲ ಗೊನೆ ಬಿಟ್ಟಾಗ ಆ ಒಂಬತ್ತು ಮಾತ್ರ ಬರಿದಾಗಿ ಉಳಿದವು. ಅವನ್ನು ಕಿತ್ತು ಹೊಸ ಸಸಿ ನೆಟ್ಟೆ, ಆದರೆ ಅಕ್ಕಪಕ್ಕದ ಮರಗಳ ನೆರಳಿನಲ್ಲಿ ಅವು ಇಂದಿಗೂ ಏಳಿಗೆಯಾಗಿಲ್ಲ.

ಆ ನೋವು ಮನಸ್ಸಿನಲ್ಲಿದ್ದುದರಿಂದ, ಈ ಮುಂಗಾರಿಗೆ ತಮ್ಮನ ಎರಡು ಎಕರೆಗೆ ಸಸಿ ತರಲು ಹೋದಾಗ ಅಳತೆಯ ಟೇಪನ್ನು ಜೇಬಿನಲ್ಲಿಟ್ಟುಕೊಂಡೇ ಹೊರಟೆ.

ಮೊದಲು ಕೇಳಿದ್ದು ಬೀಜದ ಮೂಲದ ದಾಖಲೆಯನ್ನು. ನಾವು ನೆಡಬೇಕಾದದ್ದು ದಪ್ಪ ಚಿಪ್ಪಿನ ಡ್ಯೂರಾ ತಾಯಿಮರಕ್ಕೆ ಚಿಪ್ಪಿಲ್ಲದ ಪಿಸಿಫೆರಾದ ಪರಾಗವನ್ನು ಕೂಡಿಸಿ ಪಡೆದ ಟೆನೆರಾ ಹೈಬ್ರಿಡ್ ತಳಿ. ಸಸಿಯ ಮೈಕಟ್ಟನ್ನು ನೋಡಿ ಅದನ್ನು ಗುರುತಿಸಲಾಗದು. ತೋಟದ ಮರದಡಿ ತಾನಾಗಿ ಮೊಳೆತ ಸಸಿ ಎಷ್ಟೇ ಚೆಂದವಿದ್ದರೂ ನೆಡಬಾರದು, ಏಕೆಂದರೆ ಟೆನೆರಾದ ಮುಂದಿನ ಪೀಳಿಗೆಯಲ್ಲಿ ಈ ಮೂರೂ ಬಗೆಗಳು ಬೇರೆಬೇರೆಯಾಗಿ ಹೊರಬೀಳುತ್ತವೆ.

ಅನಂತರ ಟೇಪನ್ನು ಬುಡಕ್ಕೆ ಸುತ್ತಿದೆ. 12ರಿಂದ 14 ತಿಂಗಳ ಸಸಿಯ ಬುಡದ ಸುತ್ತಳತೆ 20ರಿಂದ 25 ಸೆಂಟಿಮೀಟರ್ ಇರಬೇಕು, ಎತ್ತರ ಒಂದು ಮೀಟರಿನಿಂದ 1.2 ಮೀಟರ್ ಇದ್ದು, ಹಸಿರಾದ ಗರಿಗಳು ಹನ್ನೆರಡಕ್ಕೆ ಕಡಿಮೆ ಇರಬಾರದು. ಚೀಲಗಳನ್ನು ಒತ್ತೊತ್ತಾಗಿ ಇಟ್ಟ ಕಡೆ ಸಸಿಗಳು ಬೆಳಕಿಗಾಗಿ ಪೈಪೋಟಿ ನಡೆಸಿ ಸೊರಗಿ ಉದ್ದವಾಗುತ್ತವೆ. ಅಂಥ ಒಂದು ಸಸಿ ನನ್ನ ಎದೆಯವರೆಗೆ ಬೆಳೆದಿತ್ತು, ಬುಡ ಮಾತ್ರ 14 ಸೆಂಟಿಮೀಟರ್. ಅಡಿಕೆ ಸಸಿ ಆರಿಸುವಾಗ ನಮ್ಮ ಹಿರಿಯರು ಬುಡ ದಪ್ಪಗಿರುವ, ಎಲೆ ಹೆಚ್ಚಿರುವ ಗಿಡ್ಡ ಸಸಿಯನ್ನೇ ಎತ್ತಿಕೊಳ್ಳುತ್ತಿದ್ದರು. ಆ ವಿವೇಕವನ್ನು ನಾನು ತಾಳೆಯ ಮುಂದೆ ಮರೆತದ್ದು ಏಕೆಂದು ಈಗಲೂ ತಿಳಿಯದು.

ಒಂದೇ ಸಸಿಯನ್ನು ಬಿಡಿಯಾಗಿ ನೋಡಿದರೆ ದೋಷ ಕಾಣುವುದಿಲ್ಲ. ಒಂದೇ ವಯಸ್ಸಿನ ಸಸಿಗಳ ಸಾಲಿನ ತುದಿಯಲ್ಲಿ ಕುಳಿತು ಕಣ್ಣು ಹಾಯಿಸಿದಾಗ ನೆಟ್ಟಗೆ ನಿಂತ ಪೊರಕೆಯಂಥವು, ಹೊಸ ಗರಿಗಳು ಹಳೆಯವಕ್ಕಿಂತ ಗಿಡ್ಡವಾಗಿ ತಲೆ ಚಪ್ಪಟೆಯಾದವು ತಾವಾಗಿ ಎದ್ದು ಕಂಡವು. ಹತ್ತಿರ ಹೋದ ಮೇಲೆ, ಗರಿ ಸೀಳದೆ ಎಳೆಯ ಸಸಿಯಂತೆ ಒಂದೇ ಹಾಳೆಯಾಗಿ ಉಳಿದವು, ಎಲೆಗಳು ಹುಲ್ಲಿನಂತೆ ಕಿರಿದಾದವು, ಸುಳಿ ತಿರುಚಿದವು, ಬಿಳಿ ಪಟ್ಟೆ ಮೂಡಿದವು ಸಿಕ್ಕವು. ಇಂಥ ದೋಷಗಳಲ್ಲಿ ಹೆಚ್ಚಿನವು ಹುಟ್ಟಿನಿಂದ ಬಂದವಾದ್ದರಿಂದ ಗೊಬ್ಬರದಿಂದ ಸರಿಹೋಗುವುದಿಲ್ಲ.

"ಅಣ್ಣ, ಇವನ್ನ ಅರ್ಧ ರೇಟಿಗೆ ಹಾಕ್ಕೊಡ್ತೀನಿ" ಎಂದು ನರ್ಸರಿಯವರು ಹೇಳಿದರು. ಅವರ ನಷ್ಟ ನನಗೆ ಅರ್ಥವಾಗುತ್ತದೆ, ಆದರೂ ತಿರಸ್ಕರಿಸಿದ ಸಸಿಯನ್ನು ಕಡಿದು ಹಾಕಬೇಕೇ ಹೊರತು ಇನ್ನೊಬ್ಬ ರೈತನ ಗುಂಡಿಗೆ ಕಳುಹಿಸಬಾರದು. ಸಹಾಯಧನದ ಸಸಿಯೆಂದು ಕೊಟ್ಟದ್ದನ್ನೆಲ್ಲ ತರುವ ರೈತ ಬಾಂಧವರಲ್ಲಿಯೂ ನನ್ನ ವಿನಂತಿ, ದೋಷವಿದ್ದದ್ದನ್ನು ಅಲ್ಲೇ ಬಿಟ್ಟುಬನ್ನಿ ಎಂಬುದೇ.

ಸಂಜೆಯ ಹೊತ್ತಿಗೆ 114 ಸಸಿಗಳನ್ನೂ, ಮುಂದೆ ಸತ್ತವುಗಳ ಜಾಗಕ್ಕೆಂದು ಇನ್ನೂ ಆರು ಸಸಿಗಳನ್ನೂ ಆರಿಸಿ ಸುಣ್ಣದ ಗುರುತು ಹಾಕಿದೆವು. ಗರಿ ಹಿಡಿದು ಎಳೆಯದೆ, ಚೀಲದ ತಳಕ್ಕೆ ಕೈಕೊಟ್ಟು ಒಂದೊಂದನ್ನೇ ಟ್ರ್ಯಾಕ್ಟರಿಗೆ ಏರಿಸಿದೆವು.