ಸ್ನಾರ್ಕೆಲ್‌ಗಿಂತ ಮೊದಲು ಬ್ರೀದರ್: ಮಳೆಗಾಲದ ಹಳ್ಳಕ್ಕೆ ಗಾಡಿ ತಯಾರಿ

ಆರಿದ್ರಾ ಮಳೆ ಹಿಡಿದರೆ ಸಾಕು, ಬೇಸಿಗೆಯಲ್ಲಿ ಚಪ್ಪಲಿ ನೆನೆಯದಂತೆ ದಾಟುತ್ತಿದ್ದ ಹಳ್ಳ ಬಂಪರ್ ಮಟ್ಟಕ್ಕೆ ಏರುತ್ತದೆ. ನಡೆಯುವವರಿಗೆ ಕಾಲುಸಂಕ ಇದ್ದು ಗಾಡಿ ಮಾತ್ರ ನೀರಿಗೇ ಇಳಿಯಬೇಕಾದ ತೋಟದ ದಾರಿಗಳು ಮಲೆನಾಡಿನಲ್ಲಿ ಇನ್ನೂ ಇವೆ. ಅಂಥ ದಾರಿಯವರು ಮೊದಲು ಕೇಳುವುದು ‘ಯಾವ ಸ್ನಾರ್ಕೆಲ್ ಹಾಕಿಸಲಿ?’ ಎಂದು. ಎಂಜಿನ್ ಗಾಳಿ ಎಳೆಯುವ ಬಾಯನ್ನು ಚಾವಣಿ ಎತ್ತರಕ್ಕೆ ಒಯ್ಯುವ ಕೊಳವೆಯೇ ಸ್ನಾರ್ಕೆಲ್. ನನ್ನ ಪ್ರಕಾರ ಯಾವ ಸ್ನಾರ್ಕೆಲ್ ಅನ್ನುವುದು ಎರಡನೆಯ ಪ್ರಶ್ನೆ. ಗಾಡಿ ಎಷ್ಟು ಆಳಕ್ಕೆ ಇಳಿಯಬಹುದು ಅನ್ನುವುದನ್ನು ತೀರ್ಮಾನಿಸುವುದು ಅದರಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿ ಬಾಯಿ ತೆರೆದುಕೊಂಡಿರುವ ತೂತು. ಬ್ರೀದರ್ ಎಂಬ ಆ ತೂತು ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಮೇಲಿದೆ, ಎಂಜಿನ್ ಹತ್ತಿರ ಅಲ್ಲ.

ಟೇಪು ಹಿಡಿದು ಒಮ್ಮೆ ಅಳೆದು ನೋಡಿ. 255/65 ಆರ್18 ಟೈರಿನ ವ್ಯಾಸ ಸುಮಾರು 79 ಸೆಂ.ಮೀ. ಅಂದರೆ ಹಬ್‌ನ ನಡುಮಧ್ಯ ನೆಲದಿಂದ 39 ಸೆಂ.ಮೀ. ಮೇಲೆ. ಮೊಣಕಾಲಿಗೂ ಬಾರದ ನೀರಿನಲ್ಲೇ ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ, ಆಕ್ಸಲ್ ನಡುವಿನ ಗೇರುಗಳ ಡಬ್ಬಿ) ಅರ್ಧ ಮುಳುಗಿರುತ್ತದೆ. 2020ರ ಥಾರ್‌ಗೆ ಎಷ್ಟು ಆಳದ ನೀರಿಗೆ ಇಳಿಯಬಹುದು ಎಂದು ಕಂಪನಿ ಕೊಟ್ಟಿರುವ ಅಳತೆ 650 ಮಿ.ಮೀ., ಕಾರ್ಖಾನೆಯಿಂದಲೇ ಸ್ನಾರ್ಕೆಲ್ ಹಾಕಿಕೊಂಡು ಬರುವ ಗೂರ್ಖಾಕ್ಕೆ 700. ಸ್ನಾರ್ಕೆಲ್ ಚಾವಣಿ ಮಟ್ಟಕ್ಕಿದ್ದರೂ ಗೂರ್ಖಾದ ಅಳತೆ ಹೆಚ್ಚಿರುವುದು ಬರೀ 5 ಸೆಂ.ಮೀ. ಇದನ್ನು ಗಮನದಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಡಿಫರೆನ್ಷಿಯಲ್ ಒಳಗಿನ ಗಾಳಿ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಅದು ಒಳಗೆ ಹೊರಗೆ ಆಡಲೆಂದೇ ಅದರ ಹೊರಕವಚದ ಮೇಲೆ ಬ್ರೀದರ್ ಎಂಬ ಪುಟ್ಟ ಟೊಪ್ಪಿಯಿದೆ. ಘಾಟಿ ಹತ್ತಿ ಬಂದು ಆಯಿಲ್ 80 ಡಿಗ್ರಿಗೆ ಕಾದಿದೆ ಅಂದುಕೊಳ್ಳಿ. 25 ಡಿಗ್ರಿಯ ಹಳ್ಳಕ್ಕೆ ಇಳಿದ ಕೂಡಲೇ ಒಳಗಿನ ಗಾಳಿ ಹೆಚ್ಚುಕಡಿಮೆ 15 ಶೇಕಡ ಕುಗ್ಗಿ, ಆ ಜಾಗಕ್ಕೆ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಹೊರಗಿರುವುದು ನೀರು. ಟೊಪ್ಪಿಯ ಬಾಯಿ ಕೆಸರಿನಿಂದ ಕಟ್ಟಿದ್ದರೆ ಆಕ್ಸಲ್ ಸೀಲ್, ಪಿನಿಯನ್ ಸೀಲ್ ಮೂಲಕ ಎಳೆಯುತ್ತದೆ. ಆ ಸೀಲುಗಳು ಆಯಿಲ್ ಹೊರಗೆ ಹೋಗದಂತೆ ತಡೆಯಲು ಮಾಡಿದವು. ಹೊರಗಿನಿಂದ ಒಳಕ್ಕೆ ಬರುವುದನ್ನು ಅಷ್ಟು ಬಲವಾಗಿ ತಡೆಯಲಾರವು.

ಹಾಗಾಗಿ ಮೊದಲ ಕೆಲಸ ಬ್ರೀದರ್ ಮೇಲಕ್ಕೆ ತರುವುದು. ಡಿಫರೆನ್ಷಿಯಲ್, ಗೇರ್‌ಬಾಕ್ಸ್, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಎಲ್ಲದಕ್ಕೂ. ಹಳೇ ಟೊಪ್ಪಿಯನ್ನು ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ, ಒಂದು ಕಾಳು ಮರಳು ಒಳಗೆ ಬಿದ್ದರೂ ಬೇರಿಂಗಿಗೆ ಕೇಡು. ಅದರ ತ್ರೆಡ್ ಗಾಡಿಯಿಂದ ಗಾಡಿಗೆ ಬೇರೆ, ಬಿಚ್ಚಿದ ಟೊಪ್ಪಿಯನ್ನೇ ಅಂಗಡಿಗೆ ಒಯ್ದು ಅದೇ ತ್ರೆಡ್ಡಿನ ಹಿತ್ತಾಳೆ ನಿಪ್ಪಲ್ ತನ್ನಿ. ಅದಕ್ಕೆ 8 ಮಿ.ಮೀ. ಒಳವ್ಯಾಸದ, ಆಯಿಲ್‌ಗೆ ತಡೆಯುವ ರಬ್ಬರ್ ಹೋಸ್. ಅಕ್ವೇರಿಯಮ್ಮಿನ ಪಾರದರ್ಶಕ ಕೊಳವೆ ಬೇಡ, ಸೈಲೆನ್ಸರ್ ಬಿಸಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ. ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಚಾಸಿಗೆ ಕಟ್ಟುವ ಮೊದಲು ಸಡಿಲವಾಗಿ ಒಂದು ಸುತ್ತು ಬಿಡಿ. ಜ್ಯಾಕ್ ಚಾಸಿಗೆ ಕೊಟ್ಟು ಆಕ್ಸಲ್ ಪೂರ್ತಿ ಕೆಳಗೆ ಜೋತಾಡುವಂತೆ ಮಾಡಿ ನೋಡಿದಾಗಲೂ ಹೋಸ್ ಬಿಗಿಯಬಾರದು. ಬ್ರೇಕ್ ಪೈಪಿನ ಜಾಡಿನಲ್ಲೇ ಹೋಸ್ ಎಳೆದು, ಎಂಜಿನ್ ಬೇಯಲ್ಲಿ ಫೈರ್‌ವಾಲ್‌ನ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ) ಮೇಲ್ತುದಿಗೆ ತಂದು, ಕೊನೆಯನ್ನು ಕೆಳಮುಖವಾಗಿ ಬಗ್ಗಿಸಿ ಒಂದು ಚಿಕ್ಕ ಫಿಲ್ಟರ್ ಹಾಕಿ. ದಾರಿಯಲ್ಲಿ ಎಲ್ಲೂ ತಗ್ಗು ಹೊಟ್ಟೆ ಬಿಡಬೇಡಿ, ಆಯಿಲ್ ಆವಿ ಅಲ್ಲಿ ನಿಂತು ಕೊಳವೆ ಕಟ್ಟುತ್ತದೆ. ಅರ್ಧ ದಿನದ ಕೆಲಸ, ಸ್ನಾರ್ಕೆಲ್ ಬೆಲೆಯ ಮುಂದೆ ಖರ್ಚು ಏನೇನೂ ಅಲ್ಲ. ಸ್ನಾರ್ಕೆಲ್ ಹಾಕಿಸದವರೂ ಇದೊಂದನ್ನು ಮಾಡಿಸಲೇಬೇಕು.

ಈಗ ಎಂಜಿನ್. 2.2 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್‌ನಲ್ಲಿ ಒಂದು ಸಿಲಿಂಡರಿನ ಪಾಲು 550 ಸಿಸಿ. ಕಂಪ್ರೆಷನ್ 16.5ಕ್ಕೆ 1 ಇದ್ದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 35 ಮಿ.ಲೀ., ಏಳು ಟೀ ಚಮಚ. ಅದಕ್ಕಿಂತ ಹೆಚ್ಚು ನೀರು ಒಳಗೆ ಹೋದರೆ ಪಿಸ್ಟನ್ ಮೇಲೆ ಬರಲಾಗದು. ಗಾಳಿಯನ್ನು ಒತ್ತಿದಂತೆ ನೀರನ್ನು ಒತ್ತಲಾಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇದೇ ಎಂಜಿನ್ 2000 ಆರ್‌ಪಿಎಂನಲ್ಲಿ, ಟರ್ಬೋ ಲೆಕ್ಕ ಬಿಟ್ಟರೂ, ಸೆಕೆಂಡಿಗೆ 36 ಲೀಟರ್ ಗಾಳಿ ಎಳೆಯುತ್ತದೆ. ಏರ್‌ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬಿ) ಬಾಯಿ ನೀರಿಗೆ ತಾಗಿದ ಮೇಲೆ ಯೋಚಿಸಲು ಸಮಯವೇ ಇರುವುದಿಲ್ಲ.

ಸ್ನಾರ್ಕೆಲ್ ಕೆಲಸವನ್ನು ಭರಣಿ ಕೃತ್ತಿಕೆಯ ಹೊತ್ತಿಗೇ ಮುಗಿಸಿಕೊಳ್ಳಿ, ಪ್ರೈಮರ್ ಮತ್ತು ಸೀಲಂಟ್ ಒಣಗಲು ಬಿಸಿಲು ಬೇಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಚಕ್ರದ ಗೂಡಿನ ಪ್ಲಾಸ್ಟಿಕ್ ಹೊದಿಕೆ ತೆಗೆದು, ಫೆಂಡರ್ ಹಿಂಬದಿಯಲ್ಲಿ ವೈರಿಂಗ್ ಎಲ್ಲಿದೆ ಎಂದು ಕಣ್ಣಾರೆ ನೋಡಿ. ಆಮೇಲೆ ಫೆಂಡರ್ ಮೇಲೆ ಮಾಸ್ಕಿಂಗ್ ಟೇಪ್, ಅದರ ಮೇಲೆ ಕಾಗದದ ಟೆಂಪ್ಲೇಟ್. ಟೆಂಪ್ಲೇಟನ್ನೇ ನಂಬಬೇಡಿ. ಸ್ನಾರ್ಕೆಲನ್ನು ಜಾಗದಲ್ಲಿ ಹಿಡಿದು ಬಾನೆಟ್ ಮತ್ತು ಬಾಗಿಲು ಪೂರ್ತಿ ತೆರೆಯುತ್ತವೆಯೇ ಎಂದು ನೋಡಿದ ಮೇಲೆಯೇ ಗುರುತು ಹಾಕಿ. 4 ಮಿ.ಮೀ. ಪೈಲಟ್ ತೂತು, ನಂತರ ಕಿಟ್ ಹೇಳುವ ಅಳತೆಯ ಹೋಲ್ ಸಾ, ನಿಧಾನ ವೇಗದಲ್ಲಿ. ಅಂಚನ್ನು ಅರ್ಧಚಂದ್ರದ ಅರದಿಂದ ಉಜ್ಜಿ, ಕಬ್ಬಿಣದ ಚೂರುಗಳನ್ನು ಒಂದೂ ಬಿಡದೆ ಗುಡಿಸಿ, ಝಿಂಕ್ ಪ್ರೈಮರ್ ಎರಡು ಕೋಟ್, ಮೇಲೆ ಬಣ್ಣ. ಮಲೆನಾಡಿನ ತೇವದಲ್ಲಿ ಬರಿ ಅಂಚು ಬಿಟ್ಟರೆ ಒಂದೇ ಮಳೆಗಾಲ ಸಾಕು, ಬಣ್ಣದಡಿ ತುಕ್ಕು ಗುಳ್ಳೆ ಏಳುತ್ತದೆ.

ಸ್ನಾರ್ಕೆಲ್ ದೇಹದೊಳಗಿನ ಹಿತ್ತಾಳೆ ಬುಷ್‌ಗಳನ್ನು ಪ್ಲಾಸ್ಟಿಕ್‌ನಲ್ಲಿ ಕೂರಿಸಿರುತ್ತಾರೆ. ಸ್ಪ್ಯಾನರಿನಲ್ಲಿ ಜೋರು ತೋರಿಸಿದರೆ ಬುಷ್ ಗರಗರ ತಿರುಗಿ ಕೆಲಸ ಕೆಡುತ್ತದೆ. ವಾಷರ್ ಕೂತು ರಬ್ಬರ್ ಸ್ವಲ್ಪ ಅಮುಕಿದರೆ ಸಾಕು. ವಿಂಡ್‌ಶೀಲ್ಡ್ ಪಕ್ಕದ ಪಿಲ್ಲರಿಗೆ ಬ್ರಾಕೆಟ್ ಕೂರಿಸುವಾಗ ಡ್ರಿಲ್ ಬಿಟ್‌ಗೆ 10 ಮಿ.ಮೀ. ಬಿಟ್ಟು ಟೇಪ್ ಸುತ್ತಿಕೊಳ್ಳಿ, ಒಳಗೆ ವೈರ್ ಇದ್ದರೆ ಬಿಟ್ ಅಲ್ಲಿಗೆ ಹೋಗಬಾರದು. ಪ್ರತಿ ರಿವೆಟ್ ತೂತಿಗೂ ಪಾಲಿಯುರೆಥೇನ್ ಸೀಲಂಟ್ ತುಂಬಿಯೇ ರಿವೆಟ್ ಹೊಡೆಯಿರಿ. ಇಲ್ಲದಿದ್ದರೆ ಮಳೆನೀರು ಪಿಲ್ಲರ್ ಒಳಗೆ ಇಳಿದು ಡ್ಯಾಶ್‌ಬೋರ್ಡ್ ಕೆಳಗಿನ ಕನೆಕ್ಟರುಗಳ ಮೇಲೆ ತೊಟ್ಟಿಕ್ಕುತ್ತದೆ. ಹಳ್ಳ ದಾಟಲು ಹಾಕಿದ ಸ್ನಾರ್ಕೆಲ್, ಮನೆ ಮುಂದೆ ನಿಂತ ಗಾಡಿಯನ್ನೇ ಕೆಡಿಸುವುದು ಹೀಗೆ.

ಹೊರಗಿನ ಕೊಳವೆ ಕಣ್ಣಿಗೆ ಕಾಣುವ ಭಾಗ. ಕೆಲಸ ಕೆಡುವುದು ಒಳಗಿನ ಜೋಡಣೆಯಲ್ಲಿ. ಫೆಂಡರಿನಿಂದ ಏರ್‌ಬಾಕ್ಸ್‌ಗೆ ಹೋಗುವ ಹೋಸ್ ಒಳವ್ಯಾಸ ಮೂಲ ಕೊಳವೆಗಿಂತ ಕಡಿಮೆ ಇರಬಾರದು. ತಂತಿ ಸುರುಳಿಯಿರುವ ರಬ್ಬರ್ ಅಥವಾ ನಾಲ್ಕು ಪದರದ ಸಿಲಿಕೋನ್ ಹೋಸ್ ಇರಲಿ. ಏರ್‌ಬಾಕ್ಸ್ ತಳದಲ್ಲಿ ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್ ಇರುತ್ತದೆ, ಒಳಗೆ ಸೇರಿದ ನೀರು ಇಳಿಯಲೆಂದು. ಹಳೆಯದಾಗಿ ಬಾಯಿ ಬಿಟ್ಟುಕೊಂಡಿದ್ದರೆ ಅದೇ ದಾರಿಯಲ್ಲಿ ಹಳ್ಳದ ನೀರು ಮೇಲೆ ಹತ್ತುತ್ತದೆ. ಅದಕ್ಕೆ ರಬ್ಬರ್ ಬಿರಡೆ ಹಾಕಿ, ಆದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿ. ಮೂಲ ಗಾಳಿ ಬಾಯಿ ಮತ್ತು ಗಾಳಿಯ ಸದ್ದು ತಗ್ಗಿಸುವ ರೆಸೊನೇಟರ್ ಡಬ್ಬಿಯ ತೂತು ಮುಚ್ಚಿ. ಕೀಲುಗಳಿಗೆ ವಿನೆಗರ್ ವಾಸನೆಯ ಸಿಲಿಕೋನ್ ಬಳಸಬೇಡಿ, ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನೇ ಕೇಳಿ.

ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿರಲಿ, ಸ್ನಾರ್ಕೆಲ್ ತಲೆ ತೆಗೆದು ಕೊಳವೆ ಬಾಯಿಗೆ ದಪ್ಪ ರಬ್ಬರ್ ತುಂಡು ಒತ್ತಿ ಹಿಡಿಯಿರಿ. ಎಲ್ಲ ಬಿಗಿಯಾಗಿದ್ದರೆ ಕೆಲವೇ ಸೆಕೆಂಡಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಕೂಡಲೇ ಕೈ ತೆಗೆಯಿರಿ, ರೇಸ್ ಮಾಡಿ ಇದನ್ನು ಮಾಡಿದರೆ ಹೋಸ್ ಒಳಕ್ಕೆ ಕುಸಿಯುತ್ತದೆ. ಏನೂ ಆಗದಂತೆ ಎಂಜಿನ್ ಓಡುತ್ತಲೇ ಇದ್ದರೆ ಎಲ್ಲೋ ಸೋರಿಕೆಯಿದೆ. ಹುಡುಕಲು ಊದುಬತ್ತಿ ಹಚ್ಚಿ, ಇಂಧನದ ಪೈಪುಗಳಿಂದ ದೂರ ಇಟ್ಟುಕೊಂಡು, ಒಂದೊಂದೇ ಕ್ಲಾಂಪಿನ ಹತ್ತಿರ ಹಿಡಿಯಿರಿ. ನೆಟ್ಟಗೆ ಏಳುತ್ತಿದ್ದ ಹೊಗೆ ಎಲ್ಲಿ ಬಾಗಿ ಒಳಗೆ ಹೋಗುತ್ತದೋ ಅಲ್ಲೇ ಸೋರಿಕೆ. ಏರ್‌ಬಾಕ್ಸ್ ಮುಚ್ಚಳದ ಮೂಲೆಯಲ್ಲೇ ಹೆಚ್ಚಾಗಿ ಸಿಗುತ್ತದೆ. ಈ ಪರೀಕ್ಷೆ ದಾಟದ ಸ್ನಾರ್ಕೆಲ್ ಬರೀ ಅಲಂಕಾರ, ಅದನ್ನು ನಂಬಿ ನೀರಿಗೆ ಇಳಿಯುವುದು ಸ್ನಾರ್ಕೆಲ್ ಇಲ್ಲದೆ ಇಳಿಯುವುದಕ್ಕಿಂತ ಅಪಾಯ.

ವಿದ್ಯುತ್ ಭಾಗಕ್ಕೆ ಬರೋಣ. ಬಂಪರ್ ಮಟ್ಟದಿಂದ ಬಾನೆಟ್‌ವರೆಗಿನ ಪ್ರತಿ ಕನೆಕ್ಟರ್ ಬಿಚ್ಚಿ, ಪಚ್ಚೆ ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ರಬ್ಬರ್ ಸೀಲಿಗೆ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ವೈರ್ ಕೆಳಗಿಳಿದು ಮತ್ತೆ ಮೇಲೇರಿ ಕನೆಕ್ಟರಿಗೆ ಹೋಗುವಂತೆ ಕಟ್ಟಿದರೆ ಹನಿ ಆ ಬಾಗಿನಲ್ಲೇ ಉದುರುತ್ತದೆ. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಪೆಟ್ರೋಲ್ ಗಾಡಿಯಾದರೆ ಕ್ಯಾಪಿನ ಅಂಚು ಮತ್ತು ಪ್ಲಗ್ ವೈರಿನ ರಬ್ಬರ್ ಬೂಟುಗಳೇ ದುರ್ಬಲ ಜಾಗ. ಬಿರುಕು ಬಿಟ್ಟ ಬೂಟಿಗೆ ಗ್ರೀಸ್ ಹಚ್ಚಿ ಪ್ರಯೋಜನವಿಲ್ಲ, ಬದಲಿಸಿ. ರೇಡಿಯೇಟರ್ ಫ್ಯಾನ್ ನೀರಿನಲ್ಲಿ ತಿರುಗಿದರೆ ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊರೆಯುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಆಗಿದ್ದರೆ ಆಫ್ ಮಾಡಲು ಒಂದು ಸ್ವಿಚ್ ಹಾಕಿಸಿ, ದಡ ಸೇರಿದ ಕೂಡಲೇ ಆನ್ ಮಾಡಲು ಮರೆಯಬೇಡಿ. ಬೆಲ್ಟಿನಿಂದ ತಿರುಗುವ ಫ್ಯಾನ್ ಆದರೆ ಗ್ರಿಲ್ ಮುಂದೆ ಟಾರ್ಪಾಲು ಕಟ್ಟುವುದೇ ಒಳ್ಳೆಯ ಉಪಾಯ.

ಕ್ಯಾಬಿನ್ ಮಾತ್ರ ಡಬ್ಬಿಯಂತೆ ಸೀಲ್ ಮಾಡಬೇಡಿ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಕ್ಯಾಬಿನ್ ತಳ 2.5 ಮೀಟರ್ ಉದ್ದ, 1.4 ಮೀಟರ್ ಅಗಲ ಅಂದುಕೊಂಡರೆ, ತಳದಿಂದ ಮೇಲೆ ಏರುವ ಪ್ರತಿ 10 ಸೆಂ.ಮೀ. ನೀರು 350 ಕೆ.ಜಿ. ತೂಕವನ್ನು ಎತ್ತುತ್ತದೆ. 30 ಸೆಂ.ಮೀ. ಏರಿದರೆ ಒಂದು ಟನ್ ದಾಟಿತು. 1.7 ಟನ್ನಿನ ಗಾಡಿಯಲ್ಲಿ ಟೈರಿಗೆ ಉಳಿಯುವ ಹಿಡಿತ ಆಗ ಅರ್ಧಕ್ಕೂ ಕಡಿಮೆ, ಸೆಳವು ಪಕ್ಕದಿಂದ ತಳ್ಳಿದರೆ ಗಾಡಿ ತೇಲಿಕೊಂಡು ಹೋಗುತ್ತದೆ. ಬಾಗಿಲ ತಳಕ್ಕಿಂತ ಮೇಲೆ ನೀರು ಬರುತ್ತದೆ ಅನ್ನಿಸಿದರೆ ಕಾರ್ಪೆಟ್ ತೆಗೆದು, ನೆಲದ ಬಿರಡೆಗಳನ್ನೂ ತೆಗೆದು, ನೀರು ಒಳಗೆ ಬರಲು ಬಿಡಬೇಕು. ಸೀಟಿನ ಕೆಳಗೆ ಕಂಟ್ರೋಲ್ ಯೂನಿಟ್ ಇರುವ ಗಾಡಿಯಾದರೆ ಅಷ್ಟು ನೀರಿಗೆ ಇಳಿಯುವ ವಿಚಾರವನ್ನೇ ಬಿಡಿ.

ಇಳಿಯುವ ಮೊದಲು ಕೋಲು ಹಿಡಿದು ನಡೆದು ನೋಡಿ. ಮೊಣಕಾಲ ಮಟ್ಟದ ನೀರೇ ಕಾಲು ಜಾರಿಸುವಷ್ಟು ಸೆಳೆಯುತ್ತಿದ್ದರೆ, ಅಥವಾ ನೀರು ಕೆಂಪಗೆ ತಿರುಗಿ ತರಗೆಲೆ, ಕಡ್ಡಿ ಹೊತ್ತು ತರುತ್ತಿದ್ದರೆ, ಮೇಲೆ ಮಳೆ ಹೊಡೆದಿದೆ ಎಂದರ್ಥ. ಎರಡು ಗಂಟೆ ಕಾಯಿರಿ. ಘಾಟಿ ಇಳಿದು ಬಂದ ಗಾಡಿಯನ್ನು ಹೇಗೂ ಹದಿನೈದು ನಿಮಿಷ ಆರಲು ಬಿಡಬೇಕು. ಲೋ ರೇಂಜ್ (ಫೋರ್ ವ್ಹೀಲ್ ಡ್ರೈವ್‌ನ ನಿಧಾನದ ಗೇರ್ ಸಾಲು), ಎರಡನೇ ಗೇರ್, ಇಳಿಯುವಾಗ ನಡೆಯುವ ವೇಗ, ಇಳಿದ ಮೇಲೆ ತುಸು ಹೆಚ್ಚು. ಬಂಪರ್ ಮುಂದೆ ಒಂದು ಅಲೆ ಎದ್ದು ಅದರ ಹಿಂದೆ ಎಂಜಿನ್ ಬೇಯಲ್ಲಿ ನೀರು ತಗ್ಗುತ್ತದೆ, ಆ ಅಲೆಯ ಹಿಂದೆಯೇ ಸಾಗಿ. ನಡುವೆ ಕ್ಲಚ್ ಒತ್ತಬೇಡಿ, ಪ್ಲೇಟಿನ ನಡುವೆ ನೀರು ಕೆಸರು ನುಗ್ಗುತ್ತದೆ.

ನಡುನೀರಿನಲ್ಲಿ ಎಂಜಿನ್ ನಿಂತರೆ ಕೀ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ತಿರುಗಿಸಬೇಡಿ. ಹಗ್ಗ ಕಟ್ಟಿ ಹೊರಗೆಳೆದು, ಮೊದಲು ಏರ್ ಫಿಲ್ಟರ್ ನೋಡಿ. ಅದು ಒದ್ದೆಯಾಗಿದ್ದರೆ ಡೀಸೆಲ್‌ನಲ್ಲಿ ಇಂಜೆಕ್ಟರ್ ಇಲ್ಲವೇ ಗ್ಲೋ ಪ್ಲಗ್, ಪೆಟ್ರೋಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೀರು ಹೊರಗೆ ಹಾಕಿದ ಮೇಲೆಯೇ ಮುಂದಿನ ಮಾತು. ಸಾಮಾನ್ಯ ವಿಮೆ ನೀರಿನಿಂದ ಎಂಜಿನ್ ಹಾಳಾದದ್ದಕ್ಕೆ ಹಣ ಕೊಡುವುದು ಅಪರೂಪ, ಎಂಜಿನ್ ಪ್ರೊಟೆಕ್ಷನ್ ಎಂಬ ಬೇರೆ ಆ್ಯಡ್-ಆನ್ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡನ್ನು ನಿರ್ಬಂಧಿಸುವುದರಿಂದ ಫೆಂಡರ್ ಕೊರೆಯುವ ಮೊದಲು ಆರ್‌ಟಿಒದಲ್ಲೂ ವಿಮೆಯವರ ಹತ್ತಿರವೂ ಕೇಳಿಕೊಳ್ಳಿ.

ದಡ ಹತ್ತಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ನೂರು ಮೀಟರ್ ಹೋಗಿ, ಡ್ರಮ್ ಒಣಗಲಿ. ಮನೆಗೆ ಬಂದು ಯೂನಿವರ್ಸಲ್ ಜಾಯಿಂಟಿನ ನಿಪ್ಪಲ್‌ಗಳಿಗೆ ಹಳೇ ಗ್ರೀಸ್ ಹೊರಬರುವ ತನಕ ಹೊಸದು ತುಂಬಿ. ಮಾರನೇ ಬೆಳಿಗ್ಗೆ, ಗಾಡಿ ಅಲುಗಾಡಿಸುವ ಮೊದಲು, ಡಿಫರೆನ್ಷಿಯಲ್‌ನ ಡ್ರೈನ್ ಬೋಲ್ಟನ್ನು ತುಸುವೇ ಸಡಿಲಿಸಿ. ರಾತ್ರಿಯಿಡೀ ನಿಂತ ನೀರು ತಳಕ್ಕೆ ಇಳಿದಿರುತ್ತದೆ, ಇದ್ದರೆ ಮೊದಲ ಹನಿಗಳಲ್ಲೇ ಕಾಣುತ್ತದೆ. ಜೇನಿನ ಬಣ್ಣದ್ದೋ ಕಪ್ಪೋ ಬಂದರೆ ಬೋಲ್ಟ್ ಬಿಗಿ ಮಾಡಿ, ಸೋರಿದಷ್ಟನ್ನು ಮತ್ತೆ ತುಂಬಿ. ಹಾಲು ಬೆರೆಸಿದ ಕಾಫಿಯಂತೆ ಬಂದರೆ ಪೂರ್ತಿ ಖಾಲಿ ಮಾಡಿ, ಜಿಎಲ್-5 ದರ್ಜೆಯ ಹೊಸ ಆಯಿಲ್ ಹಾಕಿ, 50 ಕಿ.ಮೀ. ಓಡಿಸಿ ಅದನ್ನೂ ಬದಲಿಸಿ. ಎರಡನೇ ಸಲವೂ ಮಸುಕಾಗಿ ಬಂದರೆ ಪಿನಿಯನ್ ಸೀಲ್ ಬಿಚ್ಚಿ ನೋಡಬೇಕು. ತೆಗೆದ ಆಯಿಲನ್ನು ಕ್ಯಾನಿನಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ, ಹಳ್ಳದ ಕೆಳಗಿನ ಮನೆಯವರು ಅದೇ ನೀರನ್ನು ಕುಡಿಯುತ್ತಾರೆ.