ಡಾಲಿಷ್‌ನಲ್ಲಿ ಒಂದು ಮಧ್ಯಾಹ್ನ

ಪ್ಲಿಮತ್ ಕಡೆಯ ರೈಲು ಹಿಡಿಯುವ ನೆಪದಲ್ಲಿ ಇಂದು ಡಾಲಿಷ್‌ನಲ್ಲಿ ಇಳಿದೆ. ಇಂಗ್ಲೆಂಡಿನ ಡೆವನ್ ಕರಾವಳಿಯ ಪುಟ್ಟ ಊರು. ಹಳಿಯ ಪಕ್ಕದಲ್ಲೇ ಗೋಡೆ, ಗೋಡೆಯ ಆಚೆ ನೇರ ಸಮುದ್ರ. 1846ರಲ್ಲಿ ಬ್ರೂನೆಲ್ ಎಂಬ ಎಂಜಿನಿಯರ್ ಇಲ್ಲಿ ಹಳಿ ಹಾಕಿಸಿದಾಗ ಕಡಲಿನೊಡನೆ ಏನು ಒಪ್ಪಂದ ಮಾಡಿಕೊಂಡಿದ್ದನೋ!

2014ರ ಫೆಬ್ರವರಿ ಮೊದಲ ವಾರ ಒಂದೇ ರಾತ್ರಿಯ ಬಿರುಗಾಳಿಗೆ ಗೋಡೆ ಕುಸಿದು, ಕೆಳಗಿನ ಮಣ್ಣೆಲ್ಲ ಕೊಚ್ಚಿಹೋಗಿ, ಹಳಿಗಳು ಹರಿದ ಜೋಕಾಲಿಯಂತೆ ಗಾಳಿಯಲ್ಲಿ ನೇತಾಡಿದ್ದವು. ದುರಸ್ತಿಗೆ ಬಂದವರು ಮೊದಲು ಮಾಡಿದ್ದು ಗೋಡೆ ಕಟ್ಟುವ ಕೆಲಸವನ್ನಲ್ಲ. ಹಡಗಿನ ಕಂಟೇನರುಗಳಿಗೆ ಕಲ್ಲುಮಣ್ಣು ತುಂಬಿ, ಬೆಸೆದು ಅಡ್ಡಗಟ್ಟಿದರು. ಪ್ರೇಮಿಗಳ ದಿನದ ಬಿರುಗಾಳಿ ಅದನ್ನೂ ಜಖಂಗೊಳಿಸಿತು. ಅವರು ಮತ್ತೆ ಶುರು ಮಾಡಿದರು. ಏಪ್ರಿಲ್ 4ಕ್ಕೆ ರೈಲು ಓಡಿತು. ಎರಡೇ ತಿಂಗಳು!

ಈಗಿನ ಹೊಸ ಗೋಡೆ ಸಮುದ್ರಮಟ್ಟದಿಂದ 8 ಮೀಟರ್ ಎತ್ತರ, 2023ರಲ್ಲಿ ಮುಗಿಯಿತು. ತುದಿ ಕಡಲಿನ ಕಡೆಗೆ ಬಾಗಿದೆ, ಮೇಲೇರಿದ ಅಲೆಯನ್ನು ಮರಳಿ ಅಲ್ಲಿಗೇ ಎಸೆಯುತ್ತದೆ. ನಿಂತು ನೋಡುತ್ತಲೇ ಒಂದು ರೈಲು ತಪ್ಪಿತು.

ಉಳ್ಳಾಲದ ಕಡಲ್ಕೊರೆತ ನೋಡುತ್ತ ಬೆಳೆದವಳು ನಾನು. ನಮ್ಮಲ್ಲಿ ಮಳೆಗಾಲದ ಕಾಟ, ಇಲ್ಲಿ ಚಳಿಗಾಲದ್ದು. ಪ್ರತಿ ವರ್ಷ ಬಂಡೆಗಲ್ಲು ಸುರಿಯುವ ಲಾರಿಗಳ ಸದ್ದು ಇನ್ನೂ ಕಿವಿಯಲ್ಲಿದೆ. ಅಮ್ಮನಿಗೆ ಗೋಡೆಯ ಫೋಟೊ ಕಳುಹಿಸಿದೆ. "ಗೋಡೆ ಇರಲಿ, ಸ್ವೆಟರ್ ಎಲ್ಲಿ?" ಎಂದು ಉತ್ತರ ಬಂತು.