ಹಳೆಯ ಡಯಲ್ ಫೋನಿನೊಳಗಿನ ತಾರೀಖುಗಳು

‘ಎಲ್ಲ ಭಾಗಗಳೂ ಮೂಲದವೇ’ ಎಂಬ ಮಾತನ್ನು ನಂಬಿ ನಾನು ಕೊಂಡ ಕಪ್ಪು ಫೋನು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 500ನೇ ಮಾದರಿಯದು. ತಳದ ಎರಡು ಸ್ಕ್ರೂಗಳನ್ನು ಸಡಿಲಿಸಿ ಕವಚವನ್ನು ಮೇಲೆತ್ತಿದಾಗ ಆ ಮಾತಿನ ನಿಜಸ್ಥಿತಿ ತಿಳಿಯಿತು: ತಳದ ತಗಡಿನ ಮೇಲೆ 5-57, ಗಂಟೆಯ ಜೋಡಣೆಯ ಮೇಲೆ 4-57 ಎಂಬ ಮುದ್ರೆಗಳಿದ್ದರೆ, ಡಯಲ್‌ನ ಬೆನ್ನಿನ ಮೇಲೆ 11-62 ಎಂದಿತ್ತು.

ಮೊದಲ ಅಂಕಿ ತಿಂಗಳು, ಎರಡನೆಯದು ವರ್ಷ. ಬಿಡಿಭಾಗಗಳು ಬೇರೆಬೇರೆಯಾಗಿ ತಯಾರಾಗಿ ಆಮೇಲೆ ಒಂದೆಡೆ ಸೇರುತ್ತಿದ್ದುದರಿಂದ ಒಂದೆರಡು ತಿಂಗಳ ವ್ಯತ್ಯಾಸ ಸಹಜವೇ; ಆದರೆ ತಳದ ತಾರೀಖಿಗಿಂತ ಐದು ವರ್ಷ ಈಚಿನ ಡಯಲ್ ಕಾರ್ಖಾನೆಯಿಂದ ಆ ಫೋನಿನ ಜೊತೆಯಲ್ಲೇ ಹೊರಬಂದಿರಲು ಸಾಧ್ಯವಿಲ್ಲ.

ಹಾಗೆಂದು ಇದನ್ನು ಮೋಸವೆಂದು ಕರೆಯಲು ನನಗೆ ಮನಸ್ಸಾಗಲಿಲ್ಲ. ಅಮೆರಿಕದಲ್ಲಿ ಆ ಕಾಲದ ಫೋನುಗಳು ಬಹುಮಟ್ಟಿಗೆ ಬೆಲ್ ಎಂಬ ದೂರವಾಣಿ ಸಂಸ್ಥೆಯ ಸ್ವತ್ತಾಗಿದ್ದವು. ಗ್ರಾಹಕರು ಬಾಡಿಗೆ ಕೊಟ್ಟು ಬಳಸುತ್ತಿದ್ದರು. ಹಿಂದಿರುಗಿದ ಫೋನನ್ನು ಬಿಚ್ಚಿ, ತೊಳೆದು, ಸವೆದ ಭಾಗವನ್ನು ಬದಲಿಸಿ ಮತ್ತೊಬ್ಬರ ಮನೆಗೆ ಕಳುಹಿಸುವುದು ಅಲ್ಲಿನ ನಿತ್ಯದ ಕೆಲಸವಾಗಿತ್ತು. ಹೀಗಾಗಿ ‘ಮೂಲ’ ಎಂಬ ಒಂದೇ ಪದದಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ: ಕಾರ್ಖಾನೆಯಿಂದ ಒಟ್ಟಿಗೆ ಬಂದ ಭಾಗಗಳು ಒಂದು ಬಗೆ, ಅದೇ ವ್ಯವಸ್ಥೆಯೊಳಗೆ ದುರಸ್ತಿಯ ವೇಳೆ ಸೇರಿದ ಭಾಗಗಳು ಇನ್ನೊಂದು ಬಗೆ. ನನ್ನ ಲೆಕ್ಕದಲ್ಲಿ ಎರಡೂ ಅಸಲಿಯೇ, ಆದರೆ ಎರಡರ ಬೆಲೆ ಒಂದೇ ಆಗಬಾರದು.

ರಿಸೀವರಿನ ಎರಡೂ ತುದಿಯ ಮುಚ್ಚಳಗಳನ್ನು ಕೈಯಿಂದಲೇ ತಿರುಗಿಸಿ ತೆಗೆಯಬಹುದು. ಆಡುವ ತುದಿಯ ಕಾರ್ಬನ್ ಬಿಲ್ಲೆ, ಕೇಳುವ ತುದಿಯ ಬಿಲ್ಲೆ, ಹಿಡಿಯ ಒಳಭಾಗ, ಇವುಗಳ ಮೇಲೂ ತಾರೀಖುಗಳು ಸಿಗುತ್ತವೆ. ಆಡುವ ತುದಿಯ ಬಿಲ್ಲೆಯನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿದರೆ ಕಾರ್ಬನ್ ಕಣಗಳು ಮರಳಿನಂತೆ ಸರಸರ ಸದ್ದು ಮಾಡುತ್ತವೆ. ಈಚೆಗೆ ಕೂರಿಸಿದ ಎಲೆಕ್ಟ್ರಾನಿಕ್ ಮೈಕಿನಲ್ಲಿ ಆ ಸದ್ದು ಇರುವುದಿಲ್ಲ.

ಬಣ್ಣದ ಫೋನುಗಳಲ್ಲಿ ಪ್ಲಾಸ್ಟಿಕ್ಕೇ ಸಾಕ್ಷಿ ಹೇಳುತ್ತದೆ. 1954ರಲ್ಲಿ ಬಂದ ಬಣ್ಣದ 500ಗಳ ಕವಚ ಟೆನೈಟ್ ಎಂಬ ಮೆದು ಪ್ಲಾಸ್ಟಿಕ್‌ನದು. ಆಮೇಲಿನವು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನವು. ಟೆನೈಟ್ ಅನ್ನು ಬಿಸಿನೀರಿನಲ್ಲಿ ಒರೆಸಿದಾಗ ಹುಳಿತ ಬೆಣ್ಣೆಯಂಥ ವಾಸನೆ ಏಳುತ್ತದೆ, ಒಮ್ಮೆ ಮೂಗಿಗೆ ತಾಗಿದರೆ ಮರೆಯುವುದು ಕಷ್ಟ. ಬಿಸಿಲಿಗೆ ಅದರ ಬಣ್ಣವೂ ಮಾಸುವುದರಿಂದ ಕವಚದ ಒಳಮೈಯನ್ನು ಹೊರಮೈಯೊಂದಿಗೆ ಹೋಲಿಸಿ ನೋಡಬೇಕು. ಒಳಗೂ ಹೊರಗೂ ಒಂದೇ ಹೊಳಪಿದ್ದರೆ, ಅದನ್ನು ಉಜ್ಜಿ ಪಾಲಿಶ್ ಮಾಡಿದ್ದಾರೆಯೇ ಎಂದು ನಾನು ಕೇಳುತ್ತೇನೆ.

ವೈರಿನ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಾಗಿಲ್ಲ, ಏಕೆಂದರೆ ಫೋನಿನಲ್ಲಿ ಮೊದಲು ಸವೆಯುವುದು ಅದೇ. ಆದರೆ ಬೇರೆ ದೇಶದ ಡಯಲ್ ಕೂರಿಸಿರುವುದು ಮಾತ್ರ ಬೇರೆಯೇ ಮಾತು. ತಿರುಗಿಸಿ ಬಿಟ್ಟ ಡಯಲ್ ಹಿಂದಿರುಗುವಾಗ ಅಂಕಿಗೆ ತಕ್ಕಷ್ಟು ವಿದ್ಯುತ್ ಮಿಡಿತಗಳನ್ನು ಲೈನಿಗೆ ಕಳುಹಿಸುತ್ತದೆ, ಆ ಲೆಕ್ಕ ಎಲ್ಲ ದೇಶಗಳಲ್ಲೂ ಒಂದೇ ಅಲ್ಲ. ಸಾಮಾನ್ಯವಾಗಿ 1ಕ್ಕೆ ಒಂದು ಮಿಡಿತ, 0ಗೆ ಹತ್ತು ಮಿಡಿತ. ಸ್ವೀಡನ್ನಿನಲ್ಲಿ 0ಗೇ ಒಂದು ಮಿಡಿತ, ನ್ಯೂಜಿಲೆಂಡಿನಲ್ಲಿ 1ರಿಂದ 9ರವರೆಗಿನ ಅಂಕಿಗಳ ಕ್ರಮವೇ ತಿರುವುಮುರುವು. ಇನ್ನು ಬೆರಳು ಹಾಕುವ ರಂಧ್ರಗಳ ಜಾಗದಲ್ಲಿ ಒತ್ತುವ ಗುಂಡಿಗಳಿದ್ದರೆ ಅದು ಹಳೆಯದರ ರೂಪ ಹೊತ್ತ ಹೊಸ ನಕಲು. ಅದನ್ನು ಬಿಚ್ಚಿ ನೋಡುವ ಶ್ರಮವೂ ಬೇಡ.

1957ರ ಡಯಲ್ ಹುಡುಕಿ ಹಾಕಿ ನನ್ನ ಫೋನಿನ ತಾರೀಖುಗಳನ್ನು ಹೊಂದಿಸಬಹುದಿತ್ತು. ಹಾಗೆ ಮಾಡಿದ್ದರೆ ಮುಂದೆ ಅದನ್ನು ಬಿಚ್ಚುವವರಿಗೆ ನಾನೇ ಸುಳ್ಳು ಹೇಳಿದಂತಾಗುತ್ತಿತ್ತು. ಮೂರು ತಾರೀಖುಗಳನ್ನೂ ಒಂದು ಚೀಟಿಯಲ್ಲಿ ಬರೆದು ಕವಚದೊಳಗೆ ಇಟ್ಟು ಸ್ಕ್ರೂ ಬಿಗಿದೆ.